ಮಾರೆಮ್ಮನ ಓಣಿಗೆ ಆರು ಹತ್ತರ ನೀರು

ಭಾನುವಾರ ಸಂಜೆ ಓಬಮ್ಮ ಗಂಡನ ಜೊತೆ ಜಗಳ ಆಡಿದಳು. ಜಗಳ ಹೊಸದಲ್ಲ. ಊರಿಗೆಲ್ಲ ನೀರು ಬಿಡುವವನು ಅವಳ ಗಂಡ ರಾಮಾಂಜಿನಿ. ಅವನ ಮನೆ ಇದ್ದದ್ದು ಹಟ್ಟಿ ಓಣಿಯಲ್ಲಿ. ಆ ಓಣಿಗೆ ನೀರು ಎಲ್ಲರದೂ ಆದ ಮೇಲೆ.

"ನಾಳಿ ಮಾರೆಮ್ಮನ ಓಣಿ ಬದ್ಲು ನಮ್ಮ ಓಣಿಗೆ ಬಿಡ್ರಿ. ಹಂಡೇದಾಗ ತಳ ಕಾಣಾಕತ್ತೈತಿ."

"ಸರದಿ ಅಂದ್ರ ಸರದಿ. ಮುರಿಯಾಕ ಬರಂಗಿಲ್ಲ."

"ಹೆಂಡ್ತಿ ಕೊಡ ಹಿಡ್ಕೊಂಡು ಊರ ಮುಂದ ನಿಂತ್ರ ನಿಮಗ ಮರ್ಯಾದಿ ಹೆಚ್ಚಾಗ್ತೈತೇನು?"

"ಆಗ್ತೈತಿ. ನೀರು ಬಿಡೋನ ಹೆಂಡ್ತೀನೂ ಕಾಯ್ತಾಳ ಅಂದ್ರ ಮಂದಿ ಬಾಯಿ ಮುಚ್ಚತಾರ. ಸಾಕು ಬಿಡ ಓಬಿ, ಫೋನ್ ತಗಿ. ಬರ್ಕೊ."

ಅವಳು ಫೋನ್ ತೆಗೆದಳು. ಸಿಟ್ಟಿನಲ್ಲೇ ತೆಗೆದಳು. ಪ್ರತಿ ಭಾನುವಾರದ ಕೆಲಸ ಅದು. ಅವನು ಚಾಪೆ ಮೇಲೆ ಅಡ್ಡಾಗಿ ಹೇಳುತ್ತಿದ್ದ, ಅವಳು ಒಂದೊಂದೇ ಅಕ್ಷರ ಒತ್ತುತ್ತಿದ್ದಳು. ಸೋಮವಾರ ಆರು ಹತ್ತು, ಮಾರೆಮ್ಮನ ಓಣಿ. ಏಳು ನಲವತ್ತು, ಸಾಲಿ ಓಣಿ. ಮಂಗಳವಾರ, ಬುಧವಾರ, ಹೀಗೆ ಏಳು ದಿನ. ದಿನಕ್ಕೆ ಎರಡು ಓಣಿ. ಒಟ್ಟು ಹದಿನಾಲ್ಕು. ಎಲ್ಲದರ ಕೊನೆಗೆ ಅವನ ಹೆಸರು.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಗುಂಡಮೊರಡಿ ಕ್ರಾಸಿಗೆ ಇಳಿದು ಎರಡು ಕಿಲೋಮೀಟರು ನಡೆದರೆ ಅವರ ಊರು. ಹತ್ತು ಓಣಿ. ಒಂದು ಓಣಿಗೆ ಒಮ್ಮೆ ನೀರು ಬಂದರೆ ಮತ್ತೆ ಬರುವುದು ಐದು ದಿನಕ್ಕೆ. ಮೊದಲೆಲ್ಲ ರಾಮಾಂಜಿನಿ ಸೈಕಲ್ ಮೇಲೆ ಓಣಿ ಓಣಿ ತಿರುಗಿ ಕೂಗುತ್ತಿದ್ದ. ಅವನು ಕೂಗಿ ಮುಗಿಸುವುದರೊಳಗೆ ಅರ್ಧ ನೀರು ಹರಿದು ಹೋಗುತ್ತಿತ್ತು. ಹೆಂಗಸರು ಬೈಯುತ್ತಿದ್ದರು. ನೀರಿಗಿಂತ ಮೊದಲು ಸುದ್ದಿ ಬರಬೇಕು ಅನ್ನುತ್ತಿದ್ದರು.

ಅವನು ಹರಪನಹಳ್ಳಿಯಲ್ಲಿ ಐಟಿಐ ಓದಿದವನು. ಕೈ ಸುಮ್ಮನೆ ಇರುತ್ತಿರಲಿಲ್ಲ. ಕೊಟ್ಟೂರಿನಲ್ಲಿ ಒಂದು ನೆಟ್ ಸೆಂಟರು ಮುಚ್ಚಿದಾಗ ಅಲ್ಲಿಯ ಹಳೇ ಕಂಪ್ಯೂಟರು ಒಂದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಹಂಪೇಶ್ ಅವನ ಗೆಳೆಯ. ಇಬ್ಬರೂ ನಾಲ್ಕು ಭಾನುವಾರ ಓಬಮ್ಮನ ಕೈಯ ಮಂಡಕ್ಕಿ ತಿಂದು, ಚಾ ಕುಡಿದು, ಅದರಲ್ಲಿ ಒಂದು ಪ್ರೋಗ್ರಾಮು ಕೂಡಿಸಿದರು. ಚಿತ್ರ ಇಲ್ಲ, ಬಣ್ಣ ಇಲ್ಲ. ಕಪ್ಪು ತೆರೆ, ಬಿಳಿ ಅಕ್ಷರ.

ಪಂಚಾಯಿತಿಯ ಬ್ಲಾಗಿನಲ್ಲಿ ನೀರಿನ ಸುದ್ದಿ ಬರೆದು, ದಿನ ಹೊತ್ತು ಹಾಕಿಡುವುದು. ಆ ಹೊತ್ತಿಗೆ ಅದು ಬ್ಲಾಗಿನಲ್ಲಿ ಏಳುತ್ತದೆ. ಮನೆಯ ಪ್ರೋಗ್ರಾಮು ಐದು ನಿಮಿಷಕ್ಕೊಮ್ಮೆ ಹೋಗಿ ನೋಡಿ ಬರುತ್ತದೆ. ಹೊಸದು ಕಂಡರೆ ಅದರ ತಾರೀಕಿನ ಸಮೇತ ಎತ್ತಿಕೊಂಡು ಬಂದು ಫೇಸ್‌ಬುಕ್ಕಿನಲ್ಲಿ ಊರ ಪುಟಕ್ಕೂ, ಟೆಲಿಗ್ರಾಮಿನಲ್ಲಿ ಊರ ಗುಂಪಿಗೂ ಹಾಕುತ್ತದೆ. ಒಮ್ಮೆ ಹಾಕಿದ್ದನ್ನು ಮತ್ತೆ ಹಾಕುವುದಿಲ್ಲ. ಹೀಗೆ ಬ್ಲಾಗಿನಲ್ಲಿ ಸಾಲಾಗಿ ನಿಲ್ಲುವ ಸುದ್ದಿಗೆ ಅವನು ಫೀಡು ಅನ್ನುತ್ತಿದ್ದ.

"ಕೋಳಿಗೆ ಹಾಕ್ತಾರಲ್ರಿ, ಅದಾ?" ಅಂತ ಕೇಳಿದ್ದಳು ಓಬಮ್ಮ.

"ಈ ಊರೇನು ಕೋಳಿಗಿಂತ ಕಡಿಮಿ ಐತೇನು? ಕರದ ಕೂಡ್ಲೇ ಓಡಿ ಬರ್ತೈತಿ ನೋಡು. ಒಮ್ಮೆ ಎಬ್ಬಿಸಿಬಿಟ್ರ ಸಾಕು. ನಾ ಇರ್ಲಿ ಬಿಡ್ಲಿ, ಅದು ಹಾಕ್ತೈತಿ."

ಆದರೆ ಎಬ್ಬಿಸಬೇಕು. ಕರೆಂಟು ಬಹಳ ಹೊತ್ತು ಹೋಗಿ ಬ್ಯಾಟರಿಯೂ ಮುಗಿದರೆ ಅದು ಸತ್ತು ಬೀಳುತ್ತಿತ್ತು. ತಾನೇ ಏಳುತ್ತಿರಲಿಲ್ಲ. ಎಬ್ಬಿಸುವ ಸಾಲನ್ನು ಅವನು ಗೋಡೆ ಮೇಲೆ ಮಾರ್ಕರಿನಲ್ಲಿ ಬರೆದಿದ್ದ. ನಾಲ್ಕು ಇಂಗ್ಲಿಷ್ ಪದ, ನಡುವೆ ಎರಡು ಅಡ್ಡಗೆರೆ. ಓಬಮ್ಮ ತವರೂರು ಹಿರೇಹಡಗಲಿಯಲ್ಲಿ ಐದನೇ ಕ್ಲಾಸಿನ ತನಕ ಓದಿದವಳು. ಗೋಡೆಯ ಅಕ್ಷರದ ಆಕಾರ ನೋಡಿ, ಅದೇ ಆಕಾರ ಕೀಲಿಮಣೆಯಲ್ಲಿ ಹುಡುಕಿ ಒತ್ತುತ್ತಿದ್ದಳು. ಅರ್ಥ ಗೊತ್ತಿರಲಿಲ್ಲ. ಎಬ್ಬಿಸುವುದು ಗೊತ್ತಿತ್ತು.

ಆ ಭಾನುವಾರವೂ ಹದಿನಾಲ್ಕೂ ಬರೆದು ಮುಗಿಸಿದಳು. ಅನ್ನ, ಸಾರು, ಹಸಿಮೆಣಸಿನಕಾಯಿ ಚಟ್ನಿ ಬಡಿಸಿದಳು. ಅವನು ಚಟ್ನಿ ಖಾರ ಆಗಿದೆ ಅಂದ. ಅವಳು ಸಾಲದು ಅಂದಳು. ಅಷ್ಟೇ. ಆ ದಿನದಲ್ಲಿ ಬೇರೆ ಏನೂ ಇರಲಿಲ್ಲ.

ಸೋಮವಾರ ಐದಕ್ಕೆ ಅವನು ಟಾರ್ಚು ಹಿಡಿದು ಹೊರಟ. ಚಳಿಗಾಲ, ಹೊರಗೆ ಕತ್ತಲೆ. ಹೋಗಿ ಬರ್ತೀನಿ ಅಂದ. ಅವಳು ಖಾಲಿ ಹಂಡೆಯನ್ನು ಬೇಕಂತಲೇ ಸದ್ದು ಮಾಡಿ ಇಟ್ಟಳು.

ಆರು ಹತ್ತಕ್ಕೆ ಫೋನ್ ಸದ್ದಾಯಿತು. "ಮಾರೆಮ್ಮನ ಓಣಿಗೆ ನೀರು. ಕೊಡ ತಗೊಂಡು ಬರ್ರಿ. – ರಾಮಾಂಜಿನಿ." ಅವಳೇ ಬರೆದದ್ದು. ಆದರೂ ಓದಿ, ಹ್ಞೂಂ, ಮೋಟಾರು ಹಾಕಿದ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೆ ಇವತ್ತಿಗೂ ಸಿಟ್ಟು.

ಆರೂವರೆಗೆ ಮಾರೆಮ್ಮನ ಓಣಿಯ ಕೊಟ್ರಮ್ಮ ಖಾಲಿ ಕೊಡ ಕಂಕುಳಲ್ಲಿ ಹಿಡಿದು ಮನೆ ಮುಂದೆ ಬಂದಳು. ಆ ಓಣಿಯಲ್ಲಿ ಕೊಟ್ರಮ್ಮ ಬಾಯಿ ತೆಗೆದರೆ ಉಳಿದವರು ಕೇಳುವುದೇ ಕೆಲಸ.

"ಎಲ್ಲಿ ಅದಾನ ನಿನ್ನ ಗಂಡ? ಫೋನಿನಾಗ ನೀರು ಬಿಡ್ತಾನ, ನಳದಾಗ ಗಾಳಿ ಬಿಡ್ತಾನ! ಎಂಟು ಮಂದಿ ನಿಂತೀವಿ ಅಲ್ಲೆ."

"ಬರ್ತೈತಿ ತಡೀ ಅಕ್ಕ. ನಿನಗಾದ್ರೂ ಮೊದ್ಲ ಬರ್ತೈತಿ. ನನಗ ಕೊನಿಗೆ."

"ಸುಳ್ಳ ಅದಾನ ಅವ. ಬಾಯಿ ತುಂಬ ಸುಳ್ಳು."

ಏಳು ನಲವತ್ತಕ್ಕೆ ಫೋನ್ ಮತ್ತೆ ಸದ್ದಾಯಿತು. ಸಾಲಿ ಓಣಿಗೆ ನೀರು. ಅಲ್ಲಿಯೂ ನೀರಿಲ್ಲ. ಎಂಟೂ ಕಾಲಿಗೆ ಕುರಿ ಹೊಡೆದುಕೊಂಡು ಹೋಗಿದ್ದ ಮುದುಕ ಕರಿಸಿದ್ದಪ್ಪ ಓಡುತ್ತ ಬಂದ. ಅವನು ಓಡಿದ್ದನ್ನು ಊರು ಅದಕ್ಕೆ ಮೊದಲು ನೋಡಿರಲಿಲ್ಲ.

ಬೋರಿನ ಹತ್ತಿರ, ಮೋಟಾರಿನ ಸ್ವಿಚ್ಚಿನ ಪೆಟ್ಟಿಗೆ ಮುಂದೆ ರಾಮಾಂಜಿನಿ ಬಿದ್ದಿದ್ದ. ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಮೈ ತಣ್ಣಗಾಗಿತ್ತು. ಹುಲ್ಲಿನಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ಬಿಸಿಲು ಬಿದ್ದಿತ್ತು, ಆದರೂ ಉರಿಯುತ್ತಿತ್ತು.

ಆ ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುತ್ತದೆ ಅಂತ ಅವನು ಮೂರು ತಿಂಗಳಿಂದ ಪಂಚಾಯಿತಿಗೆ ಹೇಳುತ್ತಿದ್ದ. ಕಾಗದ ಬರೆದು ಕೊಟ್ಟಿದ್ದ. ನೋಡೋಣ ಅಂದಿದ್ದರು. ಲೈನಿನವರು ಬಂದು ಊರಿನ ಕರೆಂಟು ತೆಗೆದರು. ಎರಡು ದಿನ ಕರೆಂಟು ಇರಲಿಲ್ಲ. ಮನೆಯ ಕಂಪ್ಯೂಟರು ಸತ್ತಿತು. ಅದನ್ನು ಎಬ್ಬಿಸುವ ಮನಸ್ಸು ಯಾರಿಗೂ ಇರಲಿಲ್ಲ. ನಾಲ್ಕನೇ ದಿನ ಹೊಸ ಪೆಟ್ಟಿಗೆ ಬಂತು. ಮೂರು ತಿಂಗಳು ಸಿಗದ ಪೆಟ್ಟಿಗೆ ನಾಲ್ಕು ದಿನಕ್ಕೆ ಸಿಕ್ಕಿತು.

ತಿಥಿ ಮುಗಿದ ಮೇಲೆ ಓಬಮ್ಮ ಪಂಚಾಯಿತಿಗೆ ಹೋದಳು. ಗಂಡ ಕೆಲಸದ ಮೇಲೆ ಇದ್ದಾಗ ಸತ್ತ ಅಂತ ಒಂದು ಕಾಗದ ಬೇಕಿತ್ತು. ಪಿಡಿಒ ಸಾಹೇಬ ಕನ್ನಡಕ ಏರಿಸಿಕೊಂಡ.

"ನೋಡಮ್ಮ, ನಾವು ವರದಿ ಬರ್ದಾಗಿದೆ. ಆರು ಹತ್ತಕ್ಕೆ ಮೆಸೇಜ್ ಹಾಕಿದಾನೆ. ಏಳು ನಲವತ್ತಕ್ಕೆ ಇನ್ನೊಂದು. ಅಂದ್ರೆ ಅಲ್ಲೀ ತನಕ ಜೀವಂತ ಇದ್ದ. ಆದ್ರೆ ಎರಡು ಓಣಿಗೂ ನೀರು ಬಂದಿಲ್ಲ. ಹೆಂಗಸರೇ ಹೇಳಿಕೆ ಕೊಟ್ಟಿದಾರೆ. ನೀರು ಬಿಟ್ಟೆ ಅಂತ ಸುಳ್ಳು ಹಾಕಿ, ಬೋರಿನ ಪಕ್ಕದಲ್ಲಿರೋ ಅವನ ತಮ್ಮನ ಹೊಲಕ್ಕೆ ಕರೆಂಟ್ ಎಳೆಯೋಕೆ ಪೆಟ್ಟಿಗೆಗೆ ಕೈ ಹಾಕಿದಾನೆ. ಅದು ಕೆಲಸ ಅಲ್ಲ."

ಓಬಮ್ಮ ಮೇಜಿನ ಹತ್ತಿರ ಬಂದಳು.

"ಮೆಸೇಜು ಅವ ಹಾಕಿಲ್ರಿ. ಅದು ತಾನ ಹಾಕ್ತೈತಿ. ಭಾನುವಾರ ಸಂಜಿಗೆ ನಾನ ಬರ್ದಿಟ್ಟೀನಿ, ನನ್ನ ಕೈಯಾರ."

"ನೀನಾ? ಎಷ್ಟು ಓದಿದೀಯಮ್ಮ?"

"ಐದನೇತ್ತ."

ಕುಳಿತಿದ್ದವರು ನಕ್ಕರು. ಪಿಡಿಒ ನಗಲಿಲ್ಲ, ಅದು ಅವನ ದೊಡ್ಡತನ.

"ತಾನೇ ಹಾಕೋದಾಗಿದ್ರೆ ಅವನು ಸತ್ತ ಮೇಲೂ ಹಾಕ್ಬೇಕಿತ್ತಲ್ಲ? ಅವನು ಸತ್ತ, ಮೆಸೇಜ್ ನಿಂತ್ವು. ಇದಕ್ಕಿಂತ ಸಾಕ್ಷಿ ಬೇಕಾ?"

"ಕರೆಂಟು ಹೋಗಿತ್ತು. ಎಬ್ಬಿಸೋರು ಇರ್ಲಿಲ್ಲ. ಟಾರ್ಚು ಉರೀತಿತ್ತಲ್ರಿ, ಏಳು ನಲವತ್ತಕ್ಕ ಯಾರು ಟಾರ್ಚು ಹಿಡೀತಾರ?"

"ಆರಿಸೋದು ಮರೆತಿರ್ಬೇಕು."

ಹಂಪೇಶ್ ಮೂಲೆಯ ಮೇಜಿನಲ್ಲಿದ್ದ. ಪ್ರೋಗ್ರಾಮು ಕೂಡಿಸಿದವನು. ಅವಳ ಮಂಡಕ್ಕಿ ತಿಂದವನು. ಅವನು ತೆರೆಯಿಂದ ಮುಖ ಎತ್ತಲಿಲ್ಲ. ಓಬಮ್ಮ ಹೊರಗೆ ಬೇವಿನ ಮರದ ಕೆಳಗೆ ಕಾದಳು. ಅವನು ಚಾ ಕುಡಿಯಲು ಬಂದಾಗ ಹಿಡಿದಳು.

"ಹಂಪೇಶಾ, ನಿನಗ ಗೊತ್ತೈತಿ."

"ಅಕ್ಕಾ, ನಂದು ಕಾಂಟ್ರಾಕ್ಟು. ಮಾರ್ಚಿಗೆ ಮುಗೀತೈತಿ. ಅವ್ರು ಸಹಿ ಹಾಕ್ಬೇಕು. ನಾ ಬಾಯಿ ಬಿಟ್ರ…"

"ಅವಂದು ಪರ್ಮನೆಂಟು ಆತು ನೋಡು. ಇನ್ನ ಯಾರೂ ತಗಿಯಂಗಿಲ್ಲ."

ಅವನು ಗ್ಲಾಸು ಅಲ್ಲೇ ಇಟ್ಟು ಒಳಗೆ ಹೋದ.

ಅಂದಿನಿಂದ ಊರಿಗೆ ಒಂದು ಮಾತು ಸಿಕ್ಕಿತು. ಸುಳ್ಳು ಮೆಸೇಜಿನ ರಾಮಾಂಜಿನಿ. ಹದಿನೇಳು ವರ್ಷ ನೀರು ಬಿಟ್ಟವನು. ಹೆಂಡತಿಯನ್ನು ಕೊನೆಯ ಸರದಿಗೆ ನಿಲ್ಲಿಸಿದವನು. ಅವನಿಗೆ ಕಳ್ಳ ಅಂದರು. ಪರಿಹಾರದ ಹಣ ಆಮೇಲಿನ ಮಾತು. ಓಬಮ್ಮನಿಗೆ ಅವನ ಹೆಸರು ಬೇಕಿತ್ತು.

ಸಿಟ್ಟು ಅವನ ಮೇಲೂ ಇತ್ತು. ನೀರು ಬಿಡುವ ಮೊದಲೇ ಸುದ್ದಿ ಯಾಕೆ ಕಳಿಸಿದೆ? ಹೆಂಗಸರು ಬೈದರು ಅಂತ. ಬೈದರೆ ಬೈಯಲಿ ಅನ್ನಬೇಕಿತ್ತು. ಒಂದು ಮಾತು ತಾಳಿಕೊಂಡಿದ್ದರೆ ಅವತ್ತು ಆರು ಹತ್ತಕ್ಕೆ ಫೋನ್ ಸುಮ್ಮನಿರುತ್ತಿತ್ತು. ಸುಮ್ಮನಿದ್ದರೆ ಯಾರಾದರೂ ಹುಡುಕಿಕೊಂಡು ಹೋಗುತ್ತಿದ್ದರು. ಬೋರಿಗೆ ಹೋಗುವ ಬದಲು ಊರು ನಳದ ಮುಂದೆ ಸಾಲು ನಿಂತಿತು. ಆ ಕಪ್ಪು ತೆರೆಯ ಮೇಲೂ ಸಿಟ್ಟು. ತಿಪ್ಪೆಗೆ ಎಸೆಯಬೇಕು ಅಂತ ಒಂದು ದಿನ ವೈರು ಕಿತ್ತಳು. ಆಮೇಲೆ ಕೈಯಲ್ಲಿ ವೈರು ಹಿಡಿದುಕೊಂಡು ಗೋಡೆ ನೋಡಿದಳು. ಅವನ ಕೈಬರಹ ಇತ್ತು. ನಾಲ್ಕು ಪದ, ಎರಡು ಅಡ್ಡಗೆರೆ.

ಅವನು ಹೋಗಿ ಇಪ್ಪತ್ತೊಂಬತ್ತನೇ ದಿನ, ಮಧ್ಯಾಹ್ನ. ವೈರು ಮತ್ತೆ ಸಿಕ್ಕಿಸಿದಳು. ಡಬ್ಬಿ ಗುರ್ ಅಂದಿತು. ಧೂಳಿನ ವಾಸನೆ ಬಂತು. ಗೋಡೆ ನೋಡಿ ಅಕ್ಷರ ಹುಡುಕಿದಳು. ಒಂದು ಸಲ ತಪ್ಪಿತು. ಎರಡು ಸಲ ತಪ್ಪಿತು. ಇಂಗ್ಲಿಷಿನಲ್ಲಿ ಏನೋ ಬೈದಿತು. ಅವಳೂ ಬೈದಳು. ನಾಲ್ಕನೇ ಸಲ ಬಿಳಿ ಅಕ್ಷರ ಸರಸರ ಕೆಳಗೆ ಇಳಿಯತೊಡಗಿತು.

ಎದ್ದೈತಿ ಅಂದುಕೊಂಡಳು. ಅಷ್ಟರಲ್ಲಿ ಫೋನ್ ಸದ್ದಾಯಿತು. ಮತ್ತೆ ಸದ್ದಾಯಿತು. ನಿಲ್ಲಲೇ ಇಲ್ಲ.

ಅವಳಿಗೆ ಒಂದು ಗೊತ್ತಿರಲಿಲ್ಲ. ಆ ವಾರದ ಉಳಿದ ಹನ್ನೆರಡು ಸುದ್ದಿ ಬ್ಲಾಗಿನಲ್ಲಿ ತಮ್ಮ ತಮ್ಮ ಹೊತ್ತಿಗೆ ಎದ್ದು ಸಾಲಾಗಿ ನಿಂತಿದ್ದವು. ಎತ್ತಿಕೊಂಡು ಹೋಗುವ ಪ್ರೋಗ್ರಾಮು ಸತ್ತು ಬಿದ್ದಿತ್ತು, ಅಷ್ಟೇ. ಈಗ ಎದ್ದದ್ದೇ ಹನ್ನೆರಡನ್ನೂ ಒಟ್ಟಿಗೆ ಊರಿನ ಮೇಲೆ ಸುರಿಯಿತು. ಬಸವಣ್ಣನ ಓಣಿಗೆ ನೀರು, ಕೊಡ ತಗೊಂಡು ಬರ್ರಿ, ರಾಮಾಂಜಿನಿ. ತೇರುಬೀದಿಗೆ ನೀರು, ರಾಮಾಂಜಿನಿ. ಹಟ್ಟಿ ಓಣಿಗೆ ನೀರು, ರಾಮಾಂಜಿನಿ. ಸತ್ತು ತಿಂಗಳಾಗುತ್ತ ಬಂದವನು ಊರಿನ ಎಲ್ಲ ಓಣಿಗೂ ಒಂದೇ ಗಳಿಗೆಯಲ್ಲಿ ನೀರು ಬಿಟ್ಟ.

ಊರು ಕೊಡ ಹಿಡಿದು ಓಡಿತು. ಹೆಸರು ಓದುವ ಮೊದಲು ಓಡಿತು. ನಳದ ಮುಂದೆ ನಿಂತ ಮೇಲೆ ಹೆಸರು ಓದಿದರು. ಒಬ್ಬಾಕೆ ಕೊಡ ಬಿಟ್ಟು ಚೀರಿದಳು. ಕೊಟ್ರಮ್ಮ ನೇರ ಹಟ್ಟಿ ಓಣಿಗೆ ಬಂದಳು.

"ತಿಂಗಳಾಗಿಲ್ಲ, ಗಂಡನ ಹೆಸರಿನಾಗ ಆಟ ಹೂಡೀಯಲ್ಲ! ನಾಚಿಕಿ ಆಗಂಗಿಲ್ಲೇನ ನಿನಗ?"

"ಹೆಸರು ನೋಡ್ದಿ, ಓಣಿ ನೋಡ್ದಿ. ತಾರೀಕು ನೋಡೀಯೇನು ಅಕ್ಕ? ಮಂಗಳವಾರ, ಬುಧವಾರ ಅಂತ ಅವ ಸತ್ತ ವಾರದ ತಾರೀಕು ಐತಿ. ಸತ್ತಾವ ಬಂದು ಬರ್ದಾನೇನು?"

ಕೊಟ್ರಮ್ಮ ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ಮಾತಾಡದೆ ಹೋದಳು. ಅವಳು ಮಾತಾಡದೆ ಹೋದದ್ದೂ ಊರಿಗೆ ಹೊಸದು.

ಮರುದಿನ ಹನ್ನೊಂದಕ್ಕೆ ಕೂಡ್ಲಿಗಿಯಿಂದ ತಾಲ್ಲೂಕಿನ ಅಧಿಕಾರಿ ಮೇಡಂ ರಾಮಾಂಜಿನಿಯ ಸಾವಿನ ವಿಚಾರಣೆಗೆ ಬರುವುದಿತ್ತು. ಪಿಡಿಒ ಆಳು ಕಳಿಸಿದ. ಊರಿಗೆ ಗಾಬರಿ ಹುಟ್ಟಿಸಿದ್ದಕ್ಕೆ ಓಬಮ್ಮ ಬಂದು ಉತ್ತರ ಕೊಡಬೇಕಂತೆ.

ಬೆಳಿಗ್ಗೆ ಎಂಟಕ್ಕೆ ಓಬಮ್ಮ ಚಾಪೆ ಮೇಲೆ ಕುಳಿತು ಫೋನ್ ತೆಗೆದಳು. ಹೇಳುವವರು ಇರಲಿಲ್ಲ. ತಾನೇ ಹೇಳಿಕೊಂಡು ತಾನೇ ಬರೆದಳು. ಹೊತ್ತು ಹಾಕಿದಳು, ಹನ್ನೊಂದು ಇಪ್ಪತ್ತು. ಪ್ರೋಗ್ರಾಮು ಎದ್ದಿದೆಯೇ ನೋಡಿದಳು. ಎದ್ದಿತ್ತು. ಮನೆಗೆ ಕೀಲಿ ಹಾಕಿದಳು.

ಪಂಚಾಯಿತಿಯ ಸಭಾಂಗಣ ತುಂಬಿತ್ತು. ಹೆಂಗಸರು ಬಾಗಿಲ ತನಕ ನಿಂತಿದ್ದರು. ಓಬಮ್ಮ ತನ್ನ ಫೋನನ್ನೂ ಮನೆಯ ಕೀಲಿಕೈಯನ್ನೂ ಮೇಡಂ ಮುಂದೆ ಮೇಜಿನ ಮೇಲೆ ಇಟ್ಟಳು. ಎರಡೂ ಕೈ ಮೇಲೆತ್ತಿ ತೋರಿಸಿದಳು.

"ಮನ್ಯಾಗ ಯಾರಿಲ್ರಿ. ಬೇಕಾದ್ರ ಒಬ್ಬರನ್ನ ಕಳಿಸ್ರಿ, ಬಾಗಲಕ್ಕ ನಿಂತ್ಕೊಳ್ಳಿ. ನನ್ನ ಕೈ ಇಲ್ಲೇ ಅದಾವು."

"ಏನಮ್ಮ ಇದು?" ಅಂದರು ಮೇಡಂ.

"ಹನ್ನೊಂದು ಇಪ್ಪತ್ತು ಆಗ್ಲಿ ತಡೀರಿ."

ಪಿಡಿಒ ನಗುತ್ತ, "ಮೇಡಂ, ನಿನ್ನೆ ಈಕೆನೇ ಗಂಡನ ಹೆಸರಲ್ಲಿ ಹನ್ನೆರಡು ಮೆಸೇಜ್ ಟೈಪ್ ಮಾಡಿ…"

"ಬಾಯಿ ಮುಚ್ಚಿಕೊಂಡು ಗಡಿಯಾರ ನೋಡ್ರಿ ಸಾಹೇಬ್ರ," ಅಂದಳು ಓಬಮ್ಮ. ಪಂಚಾಯಿತಿಯಲ್ಲಿ ಹೆಂಗಸೊಬ್ಬಳು ಪಿಡಿಒಗೆ ಹಾಗೆ ಅಂದದ್ದು ಅದೇ ಮೊದಲು. ಅವಳ ಕೈ ಇನ್ನೂ ಮೇಲೇ ಇತ್ತು.

ಹನ್ನೊಂದು ಇಪ್ಪತ್ತಾಯಿತು. ಏನೂ ಬರಲಿಲ್ಲ. ಇಪ್ಪತ್ತೊಂದು. ಇಪ್ಪತ್ತೆರಡು. ಯಾರೋ ಕೆಮ್ಮಿದರು. ಹಿಂದಿನಿಂದ ಒಬ್ಬ, "ಕರೆಂಟು ಹೋಗಿರ್ಬೇಕು ಬಿಡ್ರಿ," ಅಂದ. ಕೆಲವರು ನಕ್ಕರು. ಓಬಮ್ಮನ ತೋಳು ಸೋತಿತ್ತು. ಕೆಳಗಿಳಿಸಲಿಲ್ಲ. ಐದು ನಿಮಿಷಕ್ಕೊಮ್ಮೆ ಹೋಗಿ ನೋಡಿ ಬರುತ್ತದೆ ಅಂತ ಅವನು ಹೇಳಿದ್ದ. ಅವನು ಸುಳ್ಳನಲ್ಲ.

ಹನ್ನೊಂದು ಇಪ್ಪತ್ತನಾಲ್ಕಕ್ಕೆ ಸಭೆಯಲ್ಲಿದ್ದ ಫೋನುಗಳೆಲ್ಲ ಸದ್ದು ಮಾಡಿದವು. ಪಿಡಿಒನ ಜೇಬಿನಲ್ಲಿ ಮಾಡಿತು. ಮೇಜಿನ ಮೇಲಿದ್ದ ಓಬಮ್ಮನ ಫೋನೂ ಮಾಡಿತು. ಮೇಡಂ ಅದನ್ನೇ ಎತ್ತಿ ಜೋರಾಗಿ ಓದಿದರು.

"ಹಟ್ಟಿ ಓಣಿಗೆ ನೀರು ಇಲ್ಲ. ನಾ ಸತ್ತು ಮೂವತ್ತು ದಿನ ಆತು. ಇದನ್ನ ಯಾರು ಹಾಕ್ಯಾರ ಹೇಳ್ರಿ. – ರಾಮಾಂಜಿನಿ."

ಮೇಡಂ ಮೂಲೆಯ ಮೇಜಿನ ಕಡೆ ತಿರುಗಿದರು.

"ಇಲ್ಲಿ ಕಂಪ್ಯೂಟರ್ ಗೊತ್ತಿರೋರು ನೀವಲ್ವಾ? ಹೇಳಿ. ಯಾರು ಹಾಕಿದ್ದು?"

ಹಂಪೇಶ್ ಎದ್ದು ನಿಂತ. ಪಿಡಿಒನ ಮುಖ ನೋಡಿದ. ಓಬಮ್ಮನ ಮೇಲೆತ್ತಿದ ಕೈ ನೋಡಿದ.

"ಯಾರೂ ಹಾಕಿಲ್ಲ ಮೇಡಂ. ಅದು ತಾನ ಹಾಕ್ತೈತಿ. ನಾನು, ರಾಮಾಂಜಣ್ಣ ಕೂಡಿ ಮಾಡಿದ್ದು. ಆವತ್ತಿನ ಆರು ಹತ್ತಿಂದೂ, ಏಳು ನಲವತ್ತಿಂದೂ ಹಂಗ ಹೋಗ್ಯಾವು. ಪೆಟ್ಟಿಗಿ ಬಗ್ಗೆ ಅವ್ರು ಕೊಟ್ಟ ಕಾಗದಾನೂ ಇಲ್ಲೇ ಕಪಾಟಿನಾಗ ಐತ್ರಿ."

"ಮೊದಲೇ ಯಾಕೆ ಹೇಳಲಿಲ್ಲ?"

ಬಾಗಿಲಿನಿಂದ ಕೊಟ್ರಮ್ಮ ಕೂಗಿದಳು.

"ನಂದೂ ಬರ್ಕೊಳ್ರಿ ಮೇಡಂ. ನೀರು ಬಂದಿಲ್ಲ ಅಂತ ಸಹಿ ಹಾಕಿಸ್ಕೊಂಡ್ರು. ಯಾಕ ಬಂದಿಲ್ಲ ಅಂತ ಯಾರೂ ಕೇಳ್ಲಿಲ್ಲ. ಮೋಟ್ರು ಹಾಕಾಕ ಹೋಗಿ ಕತ್ತಲದಾಗ ಸತ್ತಾನ ಅವ. ನಾವು ಅಲ್ಲಿ ನಿಂತು ಬೈದ್ವಿ."

ಮೇಡಂ ಬರೆದುಕೊಂಡರು. ಹಳೇ ವರದಿಯ ಮೇಲೆ ಗೀಟು ಎಳೆದು, ಕೆಲಸದ ಮೇಲಿದ್ದಾಗ ಸಾವು ಅಂತ ಬರೆದು ಸಹಿ ಹಾಕಿದರು. ಓಬಮ್ಮ ಆಗ ಕೈ ಇಳಿಸಿದಳು. ಆ ಸಾಲನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಬರೆದಳು. ಊರ ಪುಟಕ್ಕೆ ಅದೂ ಹೋಯಿತು. ಸುಳ್ಳು ಹೋದ ದಾರಿಯಲ್ಲೇ ಹೋಗಲಿ ಅಂದಳು. ಹಂಪೇಶ್ ಹತ್ತಿರ ಬಂದು ಅಕ್ಕಾ ಅಂದ. ಅವಳು ಮಾತಾಡಲಿಲ್ಲ. ಇವತ್ತಿಗೂ ಮಾತಾಡುವುದಿಲ್ಲ. ಮೂವತ್ತು ದಿನ ಸುಮ್ಮನಿದ್ದ ಬಾಯಿ ಅವನದು.

ಆ ತಿಂಗಳೆಲ್ಲ ಪಕ್ಕದ ಊರಿನವನೊಬ್ಬ ಬಂದು ನೀರು ಬಿಟ್ಟು ಹೋಗುತ್ತಿದ್ದ. ಆ ಕೆಲಸಕ್ಕೆ ಊರಿನ ಗಂಡಸರು ಯಾರೂ ಮುಂದೆ ಬರಲಿಲ್ಲ. ಹೊಸ ಪೆಟ್ಟಿಗೆಯಾದರೂ ಹೆದರಿದರು. ನಾ ಮಾಡ್ತೀನಿ ಅಂದಳು ಓಬಮ್ಮ.

ಈಗ ದಿನಾ ಐದಕ್ಕೆ ಅವಳೇ ಟಾರ್ಚು ಹಿಡಿದು ಹೋಗುತ್ತಾಳೆ. ಮೋಟಾರು ಹಾಕುವ ಮೊದಲು ಒಣ ಕೋಲಿನಿಂದ ಪೆಟ್ಟಿಗೆಯನ್ನು ಒಮ್ಮೆ ಬಡಿಯುತ್ತಾಳೆ. ಅದರಿಂದ ಏನೂ ತಿಳಿಯುವುದಿಲ್ಲ ಅಂತ ಗೊತ್ತು. ಬಡಿಯಬೇಕು ಅನಿಸುತ್ತದೆ, ಬಡಿಯುತ್ತಾಳೆ. ಸರದಿಯ ಓಣಿಗೆ ನೀರು ತಿರುಗಿಸಿ, ಆ ಓಣಿಯ ಕೊನೆಯ ನಳದ ತನಕ ನಡೆಯುತ್ತಾಳೆ. ಅಂಗೈ ಒಡ್ಡುತ್ತಾಳೆ. ಅಂಗೈ ತುಂಬಿದ ಮೇಲೆ ಮನೆಗೆ ಬಂದು ಸುದ್ದಿ ಬರೆಯುತ್ತಾಳೆ. ಕಪ್ಪು ತೆರೆಯ ಮುಂದೆ ಕುಳಿತು ಗೋಡೆ ನೋಡಿ ನಾಲ್ಕು ಪದ, ಎರಡು ಅಡ್ಡಗೆರೆ ಒತ್ತುತ್ತಾಳೆ. ಅದು ಹೋಯಿತು ಅಂತ ಕಂಡ ಮೇಲೆ ಪ್ರೋಗ್ರಾಮನ್ನು ನಿಲ್ಲಿಸುತ್ತಾಳೆ. ವಾರದ್ದು ಒಟ್ಟಿಗೆ ಬರೆದಿಡುವುದಿಲ್ಲ. ಕೆಳಗೆ ಅವನ ಹೆಸರು ಹಾಕುವುದಿಲ್ಲ, ತನ್ನದು ಹಾಕುತ್ತಾಳೆ. ಸುದ್ದಿ ಕಾಲು ಗಂಟೆ ತಡ ಅಂತ ಹೆಂಗಸರು ಬೈಯುತ್ತಾರೆ. ಬೈಯಲಿ ಅನ್ನುತ್ತಾಳೆ. ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡನೇ ಓಣಿಗೆ ನೀರು ತಿರುಗಿಸಲು ಹೊರಡುತ್ತಾಳೆ.